24 ಸ್ಲೈಡು, 10 ನಿಮಿಷ, ಅಟ್ಟದ ಮೇಲಿನ ಪೈಪು

ಪ್ರಶ್ನೆ: ನಾನು ಮಂಡ್ಯದವಳು. ವಿ.ಸಿ. ಫಾರ್ಮ್‌ನಲ್ಲಿ ಬಿ.ಎಸ್ಸಿ. ಕೃಷಿ ಓದಿದ್ದೇನೆ. ನಾಲ್ಕು ವರ್ಷದಿಂದ ಹನಿ ನೀರಾವರಿ ಸಾಮಾನು ಮಾರುವ ಡೀಲರೊಬ್ಬರ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಏರಿಯಾ ಮ್ಯಾನೇಜರ್ ಹುದ್ದೆಗೆ ಎರಡು ಸುತ್ತು ಮುಗಿದಿದೆ. ಕೊನೆ ಸುತ್ತಿನಲ್ಲಿ ಹತ್ತು ನಿಮಿಷ ಪ್ರೆಸೆಂಟೇಶನ್, ಆಮೇಲೆ ಇಪ್ಪತ್ತು ನಿಮಿಷ ಪ್ರಶ್ನೆ. ವಿಷಯ ಅವರೇ ಕೊಟ್ಟಿದ್ದಾರೆ: ‘ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರಲ್ಲಿ ಹನಿ ನೀರಾವರಿ ಹೆಚ್ಚಿಸಲು ನಿಮ್ಮ ಮೊದಲ ಆರು ತಿಂಗಳ ಯೋಜನೆ’. ಸ್ನೇಹಿತನೊಬ್ಬನ ಸಹಾಯದಿಂದ ಎಐನಲ್ಲಿ 24 ಸ್ಲೈಡ್ ಮಾಡಿಸಿದ್ದೇನೆ, ಜೊತೆಗೆ ಕಳಿಸಿದ್ದೇನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾಲ್ಕು ಜನರ ಮುಂದೆ ನಿಂತರೆ ಕೈ ನಡುಗುತ್ತೆ. ಯಾವ ಬಟ್ಟೆ ಹಾಕಿಕೊಂಡು ಹೋಗಬೇಕೋ ಅದೂ ಗೊತ್ತಾಗುತ್ತಿಲ್ಲ. ಒಂಬತ್ತು ದಿನ ಇದೆ. ಪೈಪು, ಡ್ರಿಪ್ ವಿಚಾರ ನನಗೆ ಚೆನ್ನಾಗಿ ಗೊತ್ತು ಸರ್. ಹೋದ ತಿಂಗಳು ಮದ್ದೂರು ತಾಲ್ಲೂಕಿನ ಒಬ್ಬ ರೈತರ ಮನೆಗೆ ಹೋದರೆ, ಎರಡು ವರ್ಷದ ಹಿಂದೆ ನಾವೇ ಹಾಕಿಸಿದ ಪೈಪನ್ನೆಲ್ಲ ಸುರುಳಿ ಸುತ್ತಿ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟಿದ್ದರು. “ಇಲಿ ಕಡ್ದು ಕಡ್ದು ಹಾಕ್ತವೆ ಕಣವ್ವ, ಏನ್ ಮಾಡ್ಲಿ” ಅಂದರು. ಇಷ್ಟೆಲ್ಲ ಗೊತ್ತಿದ್ದರೂ ಹೇಳೋಕೆ ಬರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸ್ಲೈಡನ್ನೆಲ್ಲ ನೋಡಿದೆ. ಪತ್ರವನ್ನೂ ಎರಡು ಸಲ ಓದಿದೆ. ಪತ್ರವೇ ಚೆನ್ನಾಗಿದೆ.

24 ಸ್ಲೈಡಿನಲ್ಲಿ ಎಲ್ಲೂ ಇಲ್ಲದ ವಿಷಯ ಪತ್ರದ ಕೊನೆಯಲ್ಲಿದೆ. ಅಟ್ಟದ ಮೇಲಿನ ಆ ಪೈಪು. ಅದನ್ನು ನೀವು ಸುಮ್ನೆ, ಮಾತಿಗೆ ಮಾತು ಸೇರಿಸಿದ ಹಾಗೆ ಬರೆದಿದ್ದೀರಿ. ನಾನು ಆ ಪ್ಯಾನೆಲಿನಲ್ಲಿ ಕೂತಿದ್ದರೆ ನೆಟ್ಟಗಾಗುತ್ತಿದ್ದದ್ದು ಆ ಸಾಲಿಗೇ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಮೈಸೂರಿನ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡುತ್ತಾ ಇಂಥ ಕೊನೆ ಸುತ್ತುಗಳಲ್ಲಿ ತುಂಬಾ ವರ್ಷ ಕೂತಿದ್ದೇನೆ. ಅಷ್ಟು ಹೊತ್ತಿಗೆ ಕೆಲಸ ಬರುತ್ತಾ ಇಲ್ಲವಾ ಅನ್ನುವುದು ಹೆಚ್ಚುಕಮ್ಮಿ ತೀರ್ಮಾನ ಆಗಿರುತ್ತೆ. ಇಲ್ಲದಿದ್ದರೆ ಎರಡು ಸುತ್ತು ದಾಟಿಸುತ್ತಿರಲಿಲ್ಲ. ಕೊನೆ ಸುತ್ತಿನಲ್ಲಿ ಅವರು ನೋಡುವುದು ಬೇರೆ. ಈ ಹುಡುಗಿಗೆ ಒಂದು ಜಿಲ್ಲೆ ಬಿಟ್ಟುಕೊಟ್ಟರೆ ಮೊದಲು ಯಾವ ಕಡೆ ಗಾಡಿ ತಿರುಗಿಸುತ್ತಾಳೆ? ಮಧ್ಯೆ ಯಾರಾದರೂ ಅಡ್ಡ ಮಾತಾಡಿದರೆ ಮುನಿಸಿಕೊಳ್ಳುತ್ತಾಳಾ, ತಲೆದೂಗಿ ಸುಮ್ಮನಾಗುತ್ತಾಳಾ, ಇಲ್ಲ ಯೋಚನೆ ಮಾಡುತ್ತಾಳಾ? ಸ್ಲೈಡು ಇದಕ್ಕೆಲ್ಲ ಒಂದು ನೆಪ ಅಷ್ಟೆ. ಹಾಗಾಗಿ ನೀವು ತಯಾರು ಮಾಡಬೇಕಾದದ್ದು ಒಂದು ತೀರ್ಮಾನ. ಅದು ಸಿಕ್ಕರೆ ಸ್ಲೈಡು ಒಂದು ಸಂಜೆಯ ಕೆಲಸ.

ಈಗಿನ 24ರಲ್ಲಿ ತೀರ್ಮಾನ ಇಲ್ಲ. ಎರಡನೇ ಸ್ಲೈಡು ‘ನೀರಿನ ಮಹತ್ವ’. ಮೂರನೆಯದು ‘ಹನಿ ನೀರಾವರಿ ಎಂದರೇನು’. ಅಲ್ರೀ, ಡ್ರಿಪ್ ಪೈಪು ಮಾಡಿ ಮಾರುವ ಕಂಪನಿಗೆ ಹೋಗಿ ಡ್ರಿಪ್ ಅಂದರೇನು ಅಂತ ಹೇಳ್ತೀರಾ? ಏಳನೆಯದರಲ್ಲಿ ಅಂಗೈಯಲ್ಲಿ ಮೊಳಕೆ ಹಿಡಿದ ಚಿತ್ರ. ಎಐ ಮಾಡಿದ ಸ್ಲೈಡಿನಲ್ಲಿ ಎದ್ದು ಕಾಣುವ ತಪ್ಪು ಹೆಚ್ಚಾಗಿ ಇರುವುದಿಲ್ಲ, ಅದೇ ಅದರ ತೊಂದರೆ. ಅದೇ ಹುದ್ದೆಗೆ ಬರುವ ಇನ್ನಿಬ್ಬರು ಮೂವರು ಕೂಡ ಅದನ್ನೇ ಕೇಳಿ ಮಾಡಿಸಿರುತ್ತಾರೆ. ಅದೇ ಅಂಗೈ, ಅದೇ ಮೊಳಕೆ. ಮದ್ದೂರಿನ ಕೊಟ್ಟಿಗೆ ಅಟ್ಟ ಅದಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು.

ಆ ಅಟ್ಟದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಪೈಪು ಯಾಕೆ ಅಟ್ಟ ಸೇರಿತು? ಇಲಿ ಒಂದು ಕಾರಣ. ಅದೊಂದೇ ಅಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಬ್ಬು ಕಡಿಯುವಾಗ ಆಳುಗಳ ಕಾಲಿಗೆ ಪೈಪು ಸಿಗುತ್ತೆ, ಮಚ್ಚಿಗೂ ಸಿಗುತ್ತೆ. ಕಡಿದ ಮೇಲೆ ತರಗಿಗೆ ಬೆಂಕಿ ಕೊಡುವವರು ಇದ್ದಾರೆ. ಪೈಪು ಅಲ್ಲೇ ಬಿಟ್ಟರೆ ಸುಟ್ಟುಹೋಗುತ್ತೆ, ಸುತ್ತಿ ತೆಗೆದಿಟ್ಟರೆ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೆಳೆಗೆ ಮತ್ತೆ ಹಾಸುವವರು ಯಾರು? ಬೋರ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ನೀರು ತೊಟ್ಟಿಕ್ಕುವ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಆಸಿಡ್ ಬಿಟ್ಟು ತೊಳೆಯಬೇಕು ಅಂತ ಹಾಕುವ ದಿನ ಹೇಳಿರುತ್ತಾರೆ, ಆಮೇಲೆ ಯಾರೂ ಬಂದಿರುವುದಿಲ್ಲ. ನಾಲೆ ಬಯಲಿನ ಕಥೆ ಇನ್ನೊಂದು. ಅಲ್ಲಿ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತೆ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ಲೆಕ್ಕ. ಡ್ರಿಪ್ಪಿಗೆ ಬೇಕಾಗಿರುವುದು ದಿನಾ ಸ್ವಲ್ಪ ಸ್ವಲ್ಪ ನೀರು, ಅದೂ ಒತ್ತಡದಲ್ಲಿ. ಹೊಂಡ ಇಲ್ಲ, ಬೋರ್ ಇಲ್ಲ ಅಂದರೆ ನಾಲೆ ನಿಂತ ದಿನ ಡ್ರಿಪ್ ಏನು ಕುಡಿಯಬೇಕು? ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ತಲೆಮಾರುಗಳಿಂದ ನೀರು ಹಾಯಿಸಿಕೊಂಡು ಬಂದವರಿಗೆ ‘ನೀರು ಉಳಿಸಿ’ ಅಂದರೆ ಮಾತು ಇಳಿಯುವುದಿಲ್ಲ. ‘ಕೂಳೆಗೂ ಪೈಪು ಉಳಿಯುತ್ತೆ, ಗೊಬ್ಬರ ಪೈಪಿನಲ್ಲೇ ಹೋಗುತ್ತೆ, ಕಳೆ ಕೂಲಿ ಕಮ್ಮಿ’ ಅಂದರೆ ಒಂದು ಬೀಡಿ ಹಚ್ಚಿ ಕೂತು ಕೇಳುತ್ತಾರೆ.

ಇದರಿಂದ ಬರುವ ತೀರ್ಮಾನ ನನಗೆ ಕಾಣುವ ಹಾಗೆ ಹೀಗಿದೆ: ‘ಮಂಡ್ಯದಲ್ಲಿ ಡ್ರಿಪ್ ಮಾರುವುದು ಕಷ್ಟ ಅಲ್ಲ, ಕೂಳೆ ಬೆಳೆವರೆಗೆ ಹೊಲದಲ್ಲಿ ಉಳಿಸುವುದು ಕಷ್ಟ. ಅದಕ್ಕೆ ಮೊದಲ ಎರಡು ತಿಂಗಳು ನಾನು ಹೊಸ ಗಿರಾಕಿ ಹುಡುಕುವುದಿಲ್ಲ, ಅಟ್ಟ ಸೇರಿದ ಪೈಪನ್ನು ಕೆಳಗಿಳಿಸುತ್ತೇನೆ.’ ನಿಮಗೆ ಬೇರೆ ತೀರ್ಮಾನ ಸರಿ ಅನ್ನಿಸಿದರೆ ಅದನ್ನೇ ಇಟ್ಟುಕೊಳ್ಳಿ. ನನ್ನದನ್ನು ಕಂಠಪಾಠ ಮಾಡಬೇಡಿ. ಎರಡನೇ ಪ್ರಶ್ನೆಗೇ ಬಿರುಕು ಬಿಡುತ್ತೆ. ಆದರೆ ಏನೇ ಇರಲಿ, ಎರಡು ಮೂರು ಸಾಲಿನಲ್ಲಿ ಹೇಳುವಂತಿರಬೇಕು. ಕೇಳಿದವರು ‘ಇಲ್ಲ, ನಾನು ಒಪ್ಪಲ್ಲ’ ಅನ್ನಲು ಜಾಗ ಇರಬೇಕು. ‘ರೈತರಲ್ಲಿ ಅರಿವು ಮೂಡಿಸುತ್ತೇನೆ’ ಅನ್ನುವುದಕ್ಕೆ ಯಾರು ತಾನೇ ಇಲ್ಲ ಅಂತಾರೆ? ಯಾರೂ ಇಲ್ಲ ಅನ್ನದ ಮಾತಿಗೆ ಪ್ಯಾನೆಲಿನಲ್ಲಿ ಬೆಲೆಯೂ ಇಲ್ಲ.

ಈಗ ಸ್ಲೈಡಿಗೆ ಬರೋಣ. ಐದು ಸಾಕು.

ಮೊದಲನೆಯದು ಫೋಟೊ. ಮತ್ತೆ ಮದ್ದೂರಿಗೆ ಹೋಗಿ, ಆ ರೈತರನ್ನು ಕೇಳಿ, ನಿಮ್ಮ ಫೋನಿನಲ್ಲೇ ಅಟ್ಟದ ಪೈಪಿನ ಚಿತ್ರ ತೆಗೆಯಿರಿ. ಅವರ ಮುಖ ಬೇಡ, ಹೆಸರು ಬೇಡ. ಸುರುಳಿ, ಅದರ ಮೇಲಿನ ಧೂಳು, ಪಕ್ಕದಲ್ಲಿ ಹುಲ್ಲಿನ ಕಂತೆ ಇದ್ದರೆ ಅದೂ ಇರಲಿ. ಫೋಟೊ ಮೇಲೆ ನಿಮ್ಮ ತೀರ್ಮಾನದ ವಾಕ್ಯ. ‘ಇಂಟ್ರೊಡಕ್ಷನ್’ ಅಂತ ತಲೆಬರಹ ಕೊಡಬೇಡಿ. ಹಾಗೇ ಇಲಿ ಕಡಿದ ಪೈಪು ಒಂದು ಅಡಿ ಕತ್ತರಿಸಿಕೊಡಿ ಅಂತ ಕೇಳಿ. 16 ಎಂಎಂ ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೂ ಹಾಸುವ ಸಣ್ಣ ಪೈಪು, ಹಲ್ಲಿನ ಗುರುತು ಎದ್ದು ಕಾಣುವಂಥದ್ದು. ಬ್ಯಾಗಿನಲ್ಲಿ ಹಾಕಿಕೊಳ್ಳಿ. ಇದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎರಡನೆಯದು, ಪೈಪು ಯಾಕೆ ಅಟ್ಟ ಸೇರುತ್ತೆ. ನಿಮ್ಮ ಈಗಿನ ಹನ್ನೊಂದನೇ ಸ್ಲೈಡು ಇದೇ ವಿಷಯದ್ದು. ‘ಚಾಲೆಂಜಸ್ ಇನ್ ಅಡಾಪ್ಷನ್ ಆಫ್ ಮೈಕ್ರೊ ಇರಿಗೇಶನ್’ ಅಂತ ಮೇಲೆ, ಕೆಳಗೆ ಒಂಬತ್ತು ಚುಕ್ಕೆ, ಒಂದೊಂದರಲ್ಲೂ ಎರಡು ಸಾಲು. ಅದನ್ನು ತೆರೆದ ಕೂಡಲೇ ಪ್ಯಾನೆಲಿನವರು ಓದಲು ಶುರು ಮಾಡುತ್ತಾರೆ. ಓದುವವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲ. ನೀವೂ ಬೆನ್ನು ತಿರುಗಿಸಿ ಅದನ್ನೇ ಓದುತ್ತೀರಿ. ಅದರ ಬದಲು ನಾಲ್ಕೇ ಪದ ಇಡಿ: ಇಲಿ, ಬೆಂಕಿ, ಕಟಾವು, ಉಪ್ಪು. ತಲೆಬರಹದ ಜಾಗದಲ್ಲಿ ಪೂರ್ತಿ ವಾಕ್ಯ: ‘ಪೈಪು ಹಾಳಾಗುವುದು ಮೊದಲ ಕಟಾವಿನ ವೇಳೆಗೆ, ನಾವು ಹೋಗುವುದು ಹಾಕುವ ದಿನ ಮಾತ್ರ.’ ಉಳಿದದ್ದನ್ನು ಬಾಯಲ್ಲಿ ಹೇಳಿ. ಅಕ್ಷರ 24 ಪಾಯಿಂಟಿಗಿಂತ ಸಣ್ಣದು ಬೇಡ. ಹಿಡಿಸದಿದ್ದರೆ ಪದ ತೆಗೆಯಿರಿ, ಅಕ್ಷರ ಸಣ್ಣ ಮಾಡಬೇಡಿ.

ಮೂರನೆಯದು ಎಲ್ಲಿಂದ ಶುರು ಅನ್ನುವುದು. ಜಿಲ್ಲೆಯ ನಕ್ಷೆ ಹಾಕಿ, ನಾಲೆ ಬಯಲು ಒಂದು ಬಣ್ಣ, ಬೋರ್ ನಂಬಿದ ಕಡೆ ಇನ್ನೊಂದು ಬಣ್ಣ. ಅಷ್ಟೆ. ನಾಗಮಂಗಲದ ಒಣ ಸೀಮೆಗೂ ಶ್ರೀರಂಗಪಟ್ಟಣದ ನಾಲೆ ಬಯಲಿಗೂ ಒಂದೇ ಯೋಜನೆ ಇಟ್ಟುಕೊಂಡು ಬಂದವರನ್ನು ಮಂಡ್ಯ ಗೊತ್ತಿರುವ ಯಾವ ಸೇಲ್ಸ್ ಹೆಡ್ಡೂ ನಂಬುವುದಿಲ್ಲ.

ನಾಲ್ಕನೆಯದು ಲೆಕ್ಕ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ, ಯಾಕೆಂದರೆ ಪ್ರಶ್ನೆ ಬೀಳುವುದೇ ಇಲ್ಲಿ. ನಿಮ್ಮ ಸ್ಲೈಡಿನಲ್ಲಿ ‘ಆರು ತಿಂಗಳಲ್ಲಿ ಶೇ. 40 ಬೆಳವಣಿಗೆ’ ಅಂತಿದೆ. ಯಾವುದರ ಮೇಲೆ ಶೇ. 40? ಗೊತ್ತಿಲ್ಲ, ಅಲ್ವಾ? ಅದನ್ನು ತೆಗೆದುಬಿಡಿ. ಕೆಳಗಿನಿಂದ ಕಟ್ಟಿಕೊಂಡು ಬನ್ನಿ. ದಿನಕ್ಕೆ ನಾಲ್ಕು ರೈತರನ್ನು ಸರಿಯಾಗಿ ಭೇಟಿ ಮಾಡಬಹುದು ಅಂತಿಟ್ಟುಕೊಳ್ಳಿ. ತಿಂಗಳಿಗೆ 22 ದಿನ ಓಡಾಟ, ಅಂದರೆ 88 ಭೇಟಿ. ಮೊದಲ ಎರಡು ತಿಂಗಳ 176 ಭೇಟಿ ಪೂರ್ತಿ ಹಳೇ ಗಿರಾಕಿಗಳಿಗೆ. ಉಳಿದ ನಾಲ್ಕು ತಿಂಗಳ 352 ಭೇಟಿ ಹೊಸಬರಿಗೆ. ಹತ್ತರಲ್ಲಿ ಒಬ್ಬರು ಹಾಕಿಸಿದರೆ 35. ಈ ‘ಹತ್ತರಲ್ಲಿ ಒಬ್ಬರು’ ನಾನು ಸುಮ್ನೆ ಹಾಕಿದ್ದು. ನಿಮ್ಮ ನಾಲ್ಕು ವರ್ಷದ ಡೈರಿ ತೆಗೆದು ನಿಜವಾದದ್ದನ್ನು ಹಾಕಿ. ಇಪ್ಪತ್ತರಲ್ಲಿ ಒಬ್ಬರು ಅಂತ ಬಂದರೆ ಅದನ್ನೇ ಇಡಿ. ಸಣ್ಣ ಅಂಕಿಯ ಹಿಂದೆ ಲೆಕ್ಕ ಇದ್ದರೆ ಅದು ನಿಲ್ಲುತ್ತೆ. ದೊಡ್ಡ ಅಂಕಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಫೈನಾನ್ಸಿನವರು ಒಂದು ಸಲ ತಟ್ಟಿದರೆ ಸಾಕು.

ಅಂಕಿಗೆ ಪಕ್ಕದಲ್ಲಿ ಹೋಲಿಸಲು ಒಂದು ಇರಬೇಕು. ‘ಕಟ್ಟೆ ಇವತ್ತು 113 ಅಡಿ’ ಅಂತ ಯಾರಾದರೂ ಹೇಳಿದರೆ ಮಂಡ್ಯದಲ್ಲಿ ಟೀ ಅಂಗಡಿಯಲ್ಲಿ ಕೂತವರಿಗೂ ಅರ್ಥ ಆಗುತ್ತೆ. ಯಾಕೆ? 124.80 ಅಡಿ ತುಂಬಿದರೆ ಕನ್ನಂಬಾಡಿ ತುಂಬಿದ ಹಾಗೆ ಅಂತ ಎಲ್ಲರ ತಲೆಯಲ್ಲಿ ಮೊದಲೇ ಇದೆ. ಪುಣೆಯಿಂದ ಬಂದ ಸಾಹೇಬರಿಗೆ 113 ಅಂದರೆ ಜಾಸ್ತಿನೋ ಕಮ್ಮಿನೋ ತಿಳಿಯುವುದಿಲ್ಲ. ನಿಮ್ಮ 35 ಕೂಡ ಹಾಗೇ. ಈಗ ನಿಮ್ಮ ಡೀಲರ್ ಆರು ತಿಂಗಳಿಗೆ ಎಷ್ಟು ಹಾಕಿಸುತ್ತಾರೆ ಅನ್ನುವುದನ್ನು ಪಕ್ಕದಲ್ಲಿಡಬಹುದು. ಆದರೆ ಹುಷಾರು. ಅದು ಅವರ ವ್ಯಾಪಾರದ ಗುಟ್ಟಾದರೆ ಬಾಯಿ ಬಿಡಬೇಡಿ. ಈಗಿನ ಮಾಲೀಕರ ಲೆಕ್ಕವನ್ನು ಇಲ್ಲಿ ಹರಡುವವರು ನಾಳೆ ನಮ್ಮದನ್ನೂ ಹರಡುತ್ತಾರೆ ಅಂತ ಪ್ಯಾನೆಲಿನಲ್ಲಿ ಒಬ್ಬರಾದರೂ ಅಂದುಕೊಳ್ಳುತ್ತಾರೆ. ‘ನನ್ನ ಕೈಯಲ್ಲಿ ಆದದ್ದು ಇಷ್ಟು’ ಅಂತ ನಿಮ್ಮ ಸ್ವಂತ ಲೆಕ್ಕ ಹೇಳಿ, ಅಷ್ಟು ಸಾಕು. ಬಿಲ್ಲು, ಗಿರಾಕಿ ಪಟ್ಟಿ ಯಾವುದನ್ನೂ ತೋರಿಸಬೇಡಿ.

ಐದನೆಯದರಲ್ಲಿ ಎರಡು ಮಾತು: ಕಂಪನಿಯಿಂದ ನಿಮಗೆ ಏನು ಬೇಕು, ಯಾವುದು ಕೈ ಕೊಡಬಹುದು. ಉದಾಹರಣೆಗೆ, ಕಟಾವಿನ ಕಾಲಕ್ಕೆ ಇಬ್ಬರು ಫಿಟ್ಟರ್ ಬೇಕು ಅನ್ನಿ. 2023ರ ಹಾಗೆ ಕಟ್ಟೆ ತುಂಬದ ವರ್ಷ ಬಂದರೆ ಕಬ್ಬು ಹಾಕುವವರೇ ಕಮ್ಮಿ ಆಗುತ್ತಾರೆ, ಆಗ ಏನು ಮಾಡುತ್ತೀರಿ ಅನ್ನುವುದನ್ನು ನೀವೇ ಮೊದಲು ಎತ್ತಿಬಿಡಿ. ಅವರು ಎತ್ತಿದರೆ ಅದು ನಿಮ್ಮ ಯೋಜನೆಯ ತೂತು. ನೀವೇ ಎತ್ತಿದರೆ ಅದೂ ಯೋಜನೆಯ ಭಾಗ. ‘ಥ್ಯಾಂಕ್ ಯೂ’ ಅಂತ ಗುಲಾಬಿ ಹೂ ಇರುವ ಕೊನೆ ಸ್ಲೈಡು ಬೇಡ. ಇಪ್ಪತ್ತು ನಿಮಿಷ ಪ್ರಶ್ನೆ ನಡೆಯುವಾಗ ಅವರ ಕಣ್ಣ ಮುಂದೆ ಇರಬೇಕಾದದ್ದು ಗುಲಾಬಿ ಅಲ್ಲ, ನಿಮ್ಮ ಲೆಕ್ಕ.

ಉಳಿದ ಸ್ಲೈಡುಗಳಲ್ಲಿ ಒಂದೆರಡು ಚೆನ್ನಾಗಿವೆ. ಖರ್ಚಿನ ಕೋಷ್ಟಕ, ಸಬ್ಸಿಡಿ ಕೆಲಸ ಮಾಡುವ ರೀತಿ. ಅವನ್ನು ಎಸೆಯಬೇಡಿ, ಐದನೆಯದರ ಹಿಂದೆ ಇಡಿ. ಕೇಳಿದರೆ ತೋರಿಸಿ. ಪವರ್‌ಪಾಯಿಂಟಿನಲ್ಲಿ ಸ್ಲೈಡಿನ ನಂಬರ್ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೆ ಹೋಗುತ್ತೆ, ಒಂದೊಂದಾಗಿ ದಾಟಿಸಬೇಕಿಲ್ಲ. ಮಾತು ಬೇರೆ ಕಡೆ ಹೋದಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತೆ, ಎಲ್ಲರ ಕಣ್ಣು ನಿಮ್ಮ ಕಡೆ ಬರುತ್ತೆ. ಮತ್ತೆ ಒತ್ತಿದರೆ ಸ್ಲೈಡು ವಾಪಸ್.

ಸಬ್ಸಿಡಿ ಅಂದೆನಲ್ಲ, ಒಂದು ಮಾತು. ಅದರ ಪ್ರಮಾಣ, ನಿಯಮ ಬದಲಾಗುತ್ತಿರುತ್ತೆ. ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನು ಹಾಕಬೇಡಿ. ಇಂಟರ್‌ವ್ಯೂಗೆ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬನ್ನಿ. ಕಬ್ಬಿನದು ಕೃಷಿ ಇಲಾಖೆ, ತೆಂಗಿನದು ತೋಟಗಾರಿಕೆ ಇಲಾಖೆ ಅನ್ನುವುದು ನಿಮಗೆ ಗೊತ್ತೇ ಇದೆ. ಆ ವ್ಯತ್ಯಾಸ ಗೊತ್ತಿಲ್ಲದವರೂ ಅದೇ ದಿನ ಅಲ್ಲಿಗೆ ಇಂಟರ್‌ವ್ಯೂಗೆ ಬಂದಿರುತ್ತಾರೆ.

ಇಂಗ್ಲಿಷಿನ ವಿಚಾರ. ಇದಕ್ಕೇ ನೀವು ಜಾಸ್ತಿ ಹೆದರಿದ್ದೀರಿ ಅನ್ನಿಸಿತು. ಎಚ್‌ಆರ್‌ಗೆ ಇವತ್ತೇ ಒಂದು ಸಣ್ಣ ಮೇಲ್ ಹಾಕಿ: ಪ್ಯಾನೆಲಿನಲ್ಲಿ ಎಷ್ಟು ಜನ, ಯಾವ ವಿಭಾಗದವರು, ಯಾರಾದರೂ ಆನ್‌ಲೈನ್‌ನಲ್ಲಿ ಇರುತ್ತಾರಾ, ಕನ್ನಡ ಬೆರೆಸಿ ಮಾತಾಡಬಹುದಾ, ನಿಮ್ಮ ಲ್ಯಾಪ್‌ಟಾಪ್ ತರಬೇಕಾ. ಇದನ್ನು ಕೇಳಿದರೆ ಚಿಕ್ಕವರಾಗುತ್ತೇವೆ ಅಂತ ನಮ್ಮ ಕಡೆಯವರು ಅಂದುಕೊಳ್ಳುತ್ತಾರೆ. ನಾನು ಎಚ್‌ಆರ್‌ನಲ್ಲಿದ್ದಾಗ ಹೀಗೆ ಕೇಳಿದವರ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಟಿಕ್ ಹಾಕುತ್ತಿದ್ದೆ. ಮಂಡ್ಯದ ರೈತರ ಜೊತೆ ಮಾತಾಡುವ ಕೆಲಸಕ್ಕೆ ಕನ್ನಡ ನಿಮ್ಮ ಬಂಡವಾಳ. ಅದಕ್ಕೆ ನಾಚಬೇಡಿ.

ಪೂರ್ತಿ ಇಂಗ್ಲಿಷಿನಲ್ಲೇ ಅಂದರೂ ಪರವಾಗಿಲ್ಲ. ಮೊದಲ ನಾಲ್ಕು ವಾಕ್ಯ, ಕೊನೆಯ ಎರಡು ವಾಕ್ಯ, ಇಷ್ಟನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಬರುವ ಹಾಗೆ ಕಲಿಯಿರಿ. ಮಧ್ಯದ್ದನ್ನು ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಇಡೀ ಸರ ಹರಿದುಹೋಗುತ್ತೆ. ಸಣ್ಣ ವಾಕ್ಯ ಆಡಿ. ಕೂಳೆ, ಆಲೆಮನೆ, ಗುಂಟೆ, ಕಟ್ಟು ನೀರು, ಇವುಗಳನ್ನು ಹಾಗೇ ಕನ್ನಡದಲ್ಲಿ ಹೇಳಿ, ಹೊರಗಿನವರಿದ್ದರೆ ಒಂದೇ ಸಾಲಿನಲ್ಲಿ ಬಿಡಿಸಿ ಹೇಳಿ. ಆದರೆ ನಿಮ್ಮ ಕಸುಬಿನ ಗುಪ್ತ ಭಾಷೆ ಬೇಡ. ಸಿಒ 62175 ಅಂದರೆ ನಿಮಗೆ ಕಬ್ಬಿನ ತಳಿ. ಫೈನಾನ್ಸಿನವರಿಗೆ ಅರ್ಧ ಬರೆದ ಫೋನ್ ನಂಬರು.

ಅಭ್ಯಾಸ ಅಂದರೆ ಕೂತುಕೊಂಡು ಸ್ಲೈಡು ನೋಡುತ್ತಾ ಮನಸ್ಸಿನಲ್ಲೇ ಓದಿಕೊಳ್ಳುವುದಲ್ಲ. ಎದ್ದು ನಿಂತು, ಬಾಯಿ ಬಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ರೆಕಾರ್ಡಿಂಗ್ ಕೇಳಿದಾಗ ಅಳು ಬರುತ್ತೆ, ಎಲ್ಲರಿಗೂ ಬರುತ್ತೆ. ಏಳು ನಿಮಿಷಕ್ಕೆ ಮುಗಿಯುವಂತೆ ಮಾಡಿ. ಹತ್ತು ಅಂತ ಕೊಟ್ಟಿದ್ದರೂ ಪ್ಯಾನೆಲಿನವರು ಮಧ್ಯೆ ಬಾಯಿ ಹಾಕದೆ ಇರುವುದಿಲ್ಲ. ಮೂರು ಜನರ ಮುಂದೆ ಹೇಳಿ ನೋಡಿ. ಮೊದಲು ಮನೆಯಲ್ಲಿ ಯಾರಾದರೂ ಬೇಸಾಯ ಮಾಡುವವರು, ದೊಡ್ಡಪ್ಪನೋ ಮಾವನೋ. ಅವರಿಗೆ ಕನ್ನಡದಲ್ಲೇ ಹೇಳಿ, ‘ಇದೆಲ್ಲ ಆಗೋ ಮಾತಾ?’ ಅಂತ ಕೇಳಿ. ಸುಳ್ಳಿದ್ದರೆ ಅವರೇ ಹಿಡಿದುಬಿಡುತ್ತಾರೆ. ಆಮೇಲೆ ಕಬ್ಬಿನ ಗಂಧ ಇಲ್ಲದ ಒಬ್ಬರು, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರು. ಅವರಿಗೆ ಎಲ್ಲಿ ಅರ್ಥ ಆಗಲಿಲ್ಲವೋ ಅಲ್ಲಿ ತಿದ್ದಿ. ಮೂರನೆಯವರು ಜಗಳಗಂಟಿ ಆಗಿರಬೇಕು. ಪ್ರತಿ ಎರಡು ನಿಮಿಷಕ್ಕೆ ತಡೆಯಲು ಹೇಳಿ. ‘ಎರಡು ತಿಂಗಳು ಏನೂ ಮಾರದೆ ಇರ್ತೀನಿ ಅಂತೀರಲ್ಲ, ನಿಮಗೆ ಸಂಬಳ ಯಾಕೆ ಕೊಡಬೇಕು?’ ಈ ಪ್ರಶ್ನೆ ಬಂದೇ ಬರುತ್ತೆ. ಉತ್ತರ ಈಗಲೇ ಹುಡುಕಿಕೊಳ್ಳಿ. ನನಗೆ ತೋಚುವುದು: ಅಟ್ಟದ ಮೇಲೆ ಪೈಪಿರುವ ಒಬ್ಬ ರೈತ ಊರಿಗೆಲ್ಲ ‘ಅದು ಬ್ಯಾಡ ಕಣ್ಲಾ’ ಅಂತ ಹೇಳಿಕೊಂಡು ಬರುತ್ತಾನೆ, ಅವನ ಬಾಯಿ ಮುಚ್ಚುವವರೆಗೆ ಆ ಊರಿನಲ್ಲಿ ಎರಡನೇ ಪೈಪು ಇಳಿಯುವುದಿಲ್ಲ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ? ‘ಆ ಅಂಕಿ ನನ್ನ ಹತ್ತಿರ ಇಲ್ಲ. ಎಲ್ಲಿ ಸಿಗುತ್ತೆ ಗೊತ್ತು, ನಾಳೆ ಸಂಜೆಯೊಳಗೆ ಕಳಿಸುತ್ತೇನೆ’ ಅನ್ನಿ. ಹಾಗಂದ ಮೇಲೆ ಕಳಿಸಿ. ಅಂಕಿ ಹುಟ್ಟಿಸಿ ಹೇಳಿದವರನ್ನು ನಾನು ನೋಡಿದ್ದೇನೆ, ಎದುರಿಗೆ ಕೂತವರು ಹತ್ತು ವರ್ಷ ಅದೇ ಅಂಕಿ ಬರೆದುಕೊಂಡು ಬಂದವರಾಗಿರುತ್ತಾರೆ.

ಈಗ ಕೈ ನಡುಕ. ನಡುಗುವ ಕೈಯಲ್ಲಿ ಹಾಳೆ ಹಿಡಿಯಬೇಡಿ. ಹಾಳೆ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತೆ, ಸದ್ದೂ ಮಾಡುತ್ತೆ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಹೀಗೇ ಕೊನೆ ಸುತ್ತಿಗೆ ಹೋಗಿದ್ದೆ. ಆಗ ಲ್ಯಾಪ್‌ಟಾಪ್ ಇಲ್ಲ, ಓವರ್‌ಹೆಡ್ ಪ್ರೊಜೆಕ್ಟರ್. ಪ್ಲಾಸ್ಟಿಕ್ ಹಾಳೆ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ತಂದಿದ್ದ 18 ಹಾಳೆ. ಕೈ ನಡುಗಿ ಕಂತೆ ಜಾರಿತು, ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹಾಳೆ ನಾಲ್ಕೂ ದಿಕ್ಕಿಗೆ ಹಾರಿದವು. ನಂಬರ್ ಹಾಕಿರಲಿಲ್ಲ. ಪ್ಯಾನೆಲಿನವರೇ ಎದ್ದು ಮೇಜಿನ ಕೆಳಗೆ ಬಗ್ಗಿ ಆರಿಸಿಕೊಟ್ಟರು. ನಾನು ಕೊನೆಯ ಹಾಳೆಯಿಂದ ಶುರು ಮಾಡಿ ಮಧ್ಯಕ್ಕೆ ಬಂದು ನಿಂತೆ. ಕೆಲಸ ಸಿಗಲಿಲ್ಲ. ರಾತ್ರಿ ರೈಲಿನಲ್ಲಿ ಮೈಸೂರಿಗೆ ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ಕೊಂಡೆ, ತಿನ್ನಲು ಆಗಲಿಲ್ಲ.

ಆ ಪೈಪು ತುಂಡು ತನ್ನಿ ಅಂದದ್ದು ಇದಕ್ಕೇ. ನಡುಗುವ ಕೈಗೆ ಹಿಡಿಯಲು ಗಟ್ಟಿಯಾದದ್ದು ಬೇಕು. ಮೊದಲ ವಾಕ್ಯ ಹೇಳುತ್ತಾ ಅದನ್ನು ತೋರಿಸಿ, ಹಲ್ಲಿನ ಗುರುತಿನ ಮೇಲೆ ಬೆರಳಿಟ್ಟು ಹೇಳಿ, ಆಮೇಲೆ ಪಕ್ಕದವರ ಕೈಗೆ ಕೊಡಿ. ಅವರು ಒಬ್ಬರಿಂದ ಒಬ್ಬರಿಗೆ ದಾಟಿಸಿ ತಿರುಗಿಸಿ ನೋಡುವಷ್ಟರಲ್ಲಿ ನಿಮ್ಮ ಉಸಿರು ಹದಕ್ಕೆ ಬಂದಿರುತ್ತೆ. ಯಾರಾದರೂ ವಿಡಿಯೊದಲ್ಲಿದ್ದರೆ ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿ. ಅವರನ್ನು ಮರೆಯಬೇಡಿ. ಕೋಣೆಯಲ್ಲಿರುವ ಮೂವರಿಗೆ ಮಾತಾಡುತ್ತಾ ಪರದೆಯಲ್ಲಿರುವ ನಾಲ್ಕನೆಯವರನ್ನು ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಎಷ್ಟೋ ಸಲ ಸಹಿ ಹಾಕುವವರು ಅವರೇ.

ಯಂತ್ರದ ಕಡೆ ಬಂದರೆ ನನಗೆ ಯಾವುದರ ಮೇಲೂ ನಂಬಿಕೆ ಇಲ್ಲ. ಪೆನ್‌ಡ್ರೈವ್ ಹಿಡಿದುಕೊಂಡು ಹೋಗುವುದು ಸಾಲದು. ಎಷ್ಟೋ ಕಂಪನಿಗಳಲ್ಲಿ ಭದ್ರತೆಗೆ ಅಂತ ಯುಎಸ್‌ಬಿ ಮುಚ್ಚಿರುತ್ತಾರೆ, ಹಾಕಿದರೂ ತೆರೆಯುವುದಿಲ್ಲ. ಹಿಂದಿನ ದಿನವೇ ಎಚ್‌ಆರ್‌ಗೆ ಮೇಲ್ ಮಾಡಿ, ಪವರ್‌ಪಾಯಿಂಟ್ ಒಂದು, ಪಿಡಿಎಫ್ ಒಂದು. ಸ್ಲೈಡಿನಲ್ಲಿ ಕನ್ನಡ ಪದ ಇದ್ದರೆ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕೂಳೆ’ ಹೋಗಿ ಪರದೆ ತುಂಬಾ ಕೊಂಬು, ಬಾಲ, ಚುಕ್ಕೆ ಇರುವ ಪರಭಾಷೆ ಅಕ್ಷರ ಬರುತ್ತೆ. ಯೂನಿಕೋಡ್ ಬಳಸಿ. ಪಿಡಿಎಫ್ ಆದರೆ ಆ ತೊಂದರೆಯೇ ಇಲ್ಲ. ನಿಮ್ಮದೇ ಲ್ಯಾಪ್‌ಟಾಪ್ ಆದರೆ ಅದಕ್ಕೆ ಎಚ್‌ಡಿಎಂಐ ಕಿಂಡಿ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಅಡಾಪ್ಟರ್ ಇಟ್ಟುಕೊಳ್ಳಿ. ಪರದೆ ಬರದಿದ್ದರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ವಾಟ್ಸಾಪ್ ಮುಚ್ಚಿ. ಲೆಕ್ಕ ಹೇಳುವಾಗ ಮೂಲೆಯಲ್ಲಿ ‘ಊಟ ಮಾಡಿದ್ಯಾ ಚಿನ್ನು’ ಅಂತ ಬಂದದ್ದನ್ನು ನಾನು ಕಂಡಿದ್ದೇನೆ. ಪಾಪ, ಹುಡುಗ ಕೆಂಪಾಗಿಬಿಟ್ಟ. ಐದು ಸ್ಲೈಡಿನ ಪ್ರಿಂಟ್ ನಾಲ್ಕೈದು ಪ್ರತಿ ಇರಲಿ. ಕರೆಂಟ್ ಹೋದರೂ ಕೆಲಸ ನಡೆಯುತ್ತೆ.

ಬಟ್ಟೆ ಬಗ್ಗೆ ಕೇಳಿದ್ದೀರಿ. ನೀವು ಹಿಂದೆ ಒಂದು ದಿನ ಪೂರ್ತಿ ಉಟ್ಟು ಓಡಾಡಿರುವ ಬಟ್ಟೆ ಆದರೆ ಸರಿ. ಹೊಸ ಚಪ್ಪಲಿ ಬೇಡ.

ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಆಸುಪಾಸು, ಒಂದು ಗಂಟೆ ಸಾಕು ಅಂದುಕೊಳ್ಳಬೇಡಿ. ಬೆಳಿಗ್ಗೆ ಹೊತ್ತು ಕೊಲಂಬಿಯಾ ಏಷ್ಯಾ ಜಂಕ್ಷನ್ ಅಂತ ಜನ ಈಗಲೂ ಕರೆಯುವ ಕಡೆ ರಿಂಗ್ ರೋಡಿಗೆ ತಿರುಗುವುದರಲ್ಲೇ ಸಮಯ ಹೋಗುತ್ತೆ. ನಿಮ್ಮ ಕಂಪನಿ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿದೆ ಅಂದಿರಿ. ಸಾಧ್ಯವಾದರೆ ಮೊದಲೇ ಒಂದು ದಿನ ಹೋಗಿ ಗೇಟು ನೋಡಿಕೊಂಡು ಬನ್ನಿ. ಆ ದಿನ ಗೇಟಿನಲ್ಲಿ ಸೆಕ್ಯೂರಿಟಿ ಹೆಸರು ಬರೆಸಿಕೊಂಡು, ಲ್ಯಾಪ್‌ಟಾಪಿನ ನಂಬರ್ ಬರೆಸಿಕೊಂಡು, ಒಳಗೆ ಫೋನ್ ಮಾಡಿ ಕೇಳಿ, ಪಾಸ್ ಕೊಡುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗುತ್ತೆ. ಬ್ಯಾಗಿನಲ್ಲಿ ಪೈಪು ತುಂಡು ಯಾಕಮ್ಮ ಅಂತಲೂ ಕೇಳಬಹುದು. ನಿಮ್ಮ ಕಥೆಯನ್ನು ಅವರಿಗೇ ಮೊದಲು ಹೇಳಿ, ಬಾಯಿ ಸಡಿಲ ಆಗುತ್ತೆ. ಖಾಲಿ ಹೊಟ್ಟೆಗೆ ಎರಡು ಕಾಫಿ ಕುಡಿದು ಹೋಗಬೇಡಿ. ಎರಡು ಇಡ್ಲಿ ತಿಂದು ಒಂದು ಕಾಫಿ ಸಾಕು.

ಒಂಬತ್ತು ದಿನವನ್ನು ನಾನಾದರೆ ಹೀಗೆ ಹಂಚಿಕೊಳ್ಳುತ್ತೇನೆ. ಮೊದಲ ಮೂರು ದಿನ ಕಂಪ್ಯೂಟರ್ ತೆರೆಯುವುದೇ ಇಲ್ಲ. ಮದ್ದೂರು, ಇನ್ನೆರಡು ಊರು, ಅಟ್ಟದ ಮೇಲೆ ಪೈಪು ಇರುವ ಇನ್ನೂ ನಾಲ್ಕೈದು ಮನೆ. ಒಂದೇ ಮನೆಯ ಕಥೆ ಇಟ್ಟುಕೊಂಡು ಹೋದರೆ ‘ಅವರೊಬ್ಬರು ಸೋಮಾರಿ ಇರಬಹುದು’ ಅಂದುಬಿಡುತ್ತಾರೆ. ಐದು ಮನೆ ಆದರೆ ಹಾಗನ್ನಲು ಆಗುವುದಿಲ್ಲ. ಕಡಿದ ಮೇಲೂ ಪೈಪು ಉಳಿಸಿಕೊಂಡು ಕೂಳೆ ತೆಗೆದವರು ಒಬ್ಬರಾದರೂ ಸಿಗುತ್ತಾರಾ ನೋಡಿ. ಅವರು ಹೇಗೆ ಮಾಡಿದರು ಅನ್ನುವುದು ನಿಮ್ಮ ಯೋಜನೆಯ ಜೀವ. ನಾಲ್ಕನೇ ದಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಐದು ಚೌಕ ಬರೆದು ಒಂದೊಂದರಲ್ಲೂ ಒಂದು ವಾಕ್ಯ. ಐದನೇ ದಿನ ಸ್ಲೈಡು. ಉಳಿದದ್ದೆಲ್ಲ ಬಾಯಿಗೆ. ಕೊನೆ ದಿನ ಏನೂ ತಿದ್ದಬೇಡಿ.

ಇಂಟರ್‌ವ್ಯೂ ಮುಗಿದ ದಿನ ಸಂಜೆ ಎಚ್‌ಆರ್‌ಗೆ ಮೂರು ಸಾಲಿನ ಮೇಲ್ ಹಾಕಿ. ಸಮಯ ಕೊಟ್ಟದ್ದಕ್ಕೆ ಧನ್ಯವಾದ, ಆಮೇಲೆ ಕಳಿಸುತ್ತೇನೆ ಅಂದಿದ್ದ ಅಂಕಿ, ಐದು ಸ್ಲೈಡಿನ ಪಿಡಿಎಫ್. ಮದ್ದೂರಿನ ರೈತರಿಗೂ ಒಂದು ಫೋನ್ ಮಾಡಿ, ಅವರ ಪೈಪು ಎಲ್ಲಿಯವರೆಗೆ ಹೋಗಿ ಬಂತು ಅಂತ ಹೇಳಿ.